ಕಸಿಕಡ್ಡಿ ಯಾರ ಸೊತ್ತು?



ನೆಲ ನಿಮ್ಮದು ಅನ್ನುವುದಕ್ಕೆ ಪಹಣಿ ಇದೆ. ಬದುವಿಗೆ ಕಲ್ಲು ನೆಟ್ಟಿದ್ದೀರಿ. ಕೊಟ್ಟಿಗೆಯ ಹಸು ಯಾರದೆಂದು ಊರಿಗೆಲ್ಲ ಗೊತ್ತು. ಆದರೆ ನಿಮ್ಮ ತಲೆಗೆ ಹೊಳೆದ ಒಂದು ಉಪಾಯ, ನಿಮ್ಮ ತಂದೆ ವರ್ಷವರ್ಷವೂ ಆಯ್ದು ಉಳಿಸಿದ ಒಂದು ತಳಿ, ನಿಮ್ಮ ತಾಯಿ ಕಟ್ಟಿದ ಒಂದು ಹಾಡು, ಇವು ಯಾರ ಸೊತ್ತು? ಇವಕ್ಕೂ ಪಹಣಿ ಉಂಟೆ? ಯಾರಾದರೂ ತೆಗೆದುಕೊಂಡು ಹೋದರೆ ಅದನ್ನು ಕಳ್ಳತನ ಅನ್ನಬಹುದೆ? ಈ ಹೊತ್ತು ಆ ವಿಚಾರವನ್ನು ಬಿಡಿಸಿ ನೋಡೋಣ. ಇದೆಲ್ಲ ಪಟ್ಟಣದ ವಕೀಲರ ಮಾತು, ನಮಗ್ಯಾಕೆ ಅಂತ ಎದ್ದು ಹೋಗಬೇಡಿ. ನೀವು ಬೂದಿ ಬೆರೆಸಿ ಕಟ್ಟಿಟ್ಟ ಬಿತ್ತನೆ ಬೀಜದ ಗಂಟಿಗೂ ಇದು ತಗುಲುವ ಸಂಗತಿ.

ಬೆಂಗಳೂರು ದಂಡಿನ ಮಗ್ಗುಲಿನ ಹಲಸೂರನ್ನು ನೀವು ಬಲ್ಲಿರಿ. ಹಲಸಿನ ಮರಗಳು ಇದ್ದದ್ದರಿಂದಲೇ ಊರಿಗೆ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಈಗ ಅಲ್ಲಿ ತೋಪು ಹುಡುಕಿದರೆ ಸಿಕ್ಕದು. ಬೇಸಗೆಯಲ್ಲಿ ಹಲಸು ಬೇಕಾದವರು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಬೇಕು. ಮರವನ್ನೇ ನೋಡಬೇಕಾದರೆ ಹಳೆ ಮದ್ರಾಸ್ ರಸ್ತೆ ಹಿಡಿದು, ಇಂದಿರಾನಗರ, ಕೆ.ಆರ್. ಪುರ ದಾಟಿ, ಹೊಸಕೋಟೆ ಕೋಲಾರದ ಕಡೆಯ ಹೊಲದ ಬದುಗಳಿಗೆ ಬರಬೇಕು. ಅಲ್ಲಿ ಒಂದು ಮಾತನ್ನು ಯಾವ ಒಕ್ಕಲಿಗನೂ ಹೇಳಿಯಾನು. ಬೀಜದಿಂದ ಎದ್ದ ಹಲಸು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಮರದ ತೊಳೆ ಜೇನು, ಅದೇ ಹಣ್ಣಿನ ಬೀಜದಿಂದ ಹುಟ್ಟಿದ ಮರದ್ದು ಬರೀ ನಾರು. ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಬೆರೆಯುವುದರಿಂದ ಹೀಗಾಗುತ್ತದೆ. ಅದೇ ರುಚಿ, ಅದೇ ಬಣ್ಣ ಬೇಕೆಂದರೆ ಆ ಮರದಿಂದ ಕಡ್ಡಿ ಕೊಯ್ದು ಬೇರೊಂದು ಸಸಿಗೆ ಕಸಿ ಕಟ್ಟಬೇಕು. ಹೆಬ್ಬೆರಳಿನುದ್ದದ ಕಡ್ಡಿಯೊಳಗೆ ಇಡೀ ಮರದ ಗುಣ ಅಡಗಿರುತ್ತದೆ.

ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಒಂದು ರೈತ ಕುಟುಂಬದ ಹೊಲದಲ್ಲಿ ಇಂಥ ಒಂದು ಮರ ಇತ್ತು. ಹಣ್ಣು ಚಿಕ್ಕದು, ಎರಡೂವರೆ ಮೂರು ಕಿಲೋ ತೂಗುವಂಥದ್ದು. ಒಂದು ಸಂಸಾರ ಕೂತು ತಿಂದು ಮುಗಿಸಬಹುದು. ತೊಳೆಯ ಬಣ್ಣ ತಾಮ್ರಗೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ ಮೆಚ್ಚಿದರು. ಮನೆಯ ಹಿರಿಯರ ಹೆಸರಿನ ಮೇಲೆ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. ಇಲ್ಲಿಯವರೆಗೆ ಹೊಸದೇನಿಲ್ಲ, ಒಳ್ಳೆಯ ಮರವನ್ನು ಅಧಿಕಾರಿಗಳು ಹುಡುಕಿಕೊಂಡು ಬರುವುದು ಹಿಂದಿನಿಂದಲೂ ಇದೆ. ಹೊಸದು ಆಮೇಲೆ ಆದದ್ದು. ಸಂಸ್ಥೆಯವರು ಕಡ್ಡಿ ಕೊಯ್ದುಕೊಂಡು ಹೊರಟುಹೋಗಲಿಲ್ಲ. 2017-18ರ ಹೊತ್ತಿಗೆ ಆ ರೈತರ ಜೊತೆ ಕರಾರು ಆಯಿತು. ಆ ತಳಿಯ ಸಸಿ ಮಾಡಿ ಮಾರಿದ ಉತ್ಪತ್ತಿಯಲ್ಲಿ ನೂರಕ್ಕೆ 75 ಪಾಲು ರೈತನಿಗೆ, 25 ಪಾಲು ಸಂಸ್ಥೆಗೆ. ಭೂಮಿಯನ್ನು ವಾರಕ್ಕೆ ಹಾಕಿದಾಗ ಪಾಲು ಹೇಳಿಕೊಳ್ಳುತ್ತೇವಲ್ಲ, ಅದೇ ಲೆಕ್ಕ. ಆದರೆ ಇಲ್ಲಿ ವಾರಕ್ಕೆ ಬಿದ್ದದ್ದು ಭೂಮಿಯಲ್ಲ, ಮರದ ಗುಣ.

ಈಗ ನಿಮ್ಮಲ್ಲೊಬ್ಬರು ಕೇಳಬಹುದು. ‘ಸ್ವಾಮಿ, ನಮ್ಮ ಊರಿನಲ್ಲಿ ಒಳ್ಳೆ ಮರದ ಕಡ್ಡಿಯನ್ನು ನೆಂಟರು ಕೇಳಿದರೆ ಸುಮ್ಮನೆ ಕೊಡ್ತೀವಿ. ಅದಕ್ಕೂ ದುಡ್ಡು ಕಟ್ಟೋದಾ?’ ಕೇಳಬೇಕಾದ ಮಾತೇ. ಯಾರೋ ರಾತ್ರಿ ಬಂದು ಕೋಳಿ ಹಿಡಿದುಕೊಂಡು ಹೋದರೆ ನಿಮ್ಮ ಮನೆಯಲ್ಲಿ ಕೋಳಿ ಇರುವುದಿಲ್ಲ. ಕಡ್ಡಿ ಕೊಯ್ದುಕೊಂಡು ಹೋದರೆ ಮರ ಅಲ್ಲೇ ಇರುತ್ತದೆ, ಹಣ್ಣೂ ಅಷ್ಟೇ ಬಿಡುತ್ತದೆ. ಮನೆಯ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅವರ ಮನೆಯಲ್ಲಿ ಗಡಿಗೆ ತುಂಬ ಮೊಸರಾದರೂ ನಿಮ್ಮ ಗಡಿಗೆ ಬರಿದಾಗುವುದಿಲ್ಲ. ಯೋಚನೆ, ತಳಿ, ಹಾಡು ಇವೆಲ್ಲ ಹೆಪ್ಪಿನ ಜಾತಿಯವು. ಹಂಚಿದರೆ ಸವೆಯುವುದಿಲ್ಲ. ಆದ್ದರಿಂದ ಇವನ್ನು ಹೊಲಮನೆಯ ಹಾಗೆ ಆಸ್ತಿ ಎಂದು ಎಣಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಮಾತು ಅಲ್ಲಿಗೇ ಮುಗಿಯುವುದಿಲ್ಲ. ನೆಂಟರು ಒಂದು ಕಡ್ಡಿ ಒಯ್ಯುವುದು ಬೇರೆ. ಒಬ್ಬ ಸಸಿ ವ್ಯಾಪಾರಿ ಅದೇ ಕಡ್ಡಿಯಿಂದ ಹತ್ತು ಸಾವಿರ ಗಿಡ ಮಾಡಿ ಮಾರುವುದು ಬೇರೆ. ಇನ್ನೂ ಕೆಟ್ಟದ್ದೆಂದರೆ ಯಾವುದೋ ಕಾಡು ಹಲಸಿಗೆ ಆ ಹೆಸರಿನ ಚೀಟಿ ಕಟ್ಟಿ ಮಾರುವುದು. ಕಸಿ ಗಿಡ ಫಲ ಬಿಡಲು ಕೆಲವು ವರ್ಷಗಳೇ ಬೇಕು. ಕೊಂಡ ರೈತ ಅಷ್ಟು ಕಾಲ ನೀರೆರೆದು ಕಾಯುತ್ತಾನೆ. ಮೋಸ ಗೊತ್ತಾಗುವ ಹೊತ್ತಿಗೆ ಮಾರಿದವನು ಎಲ್ಲಿರುತ್ತಾನೋ. ಇಲ್ಲಿ ಹೋದದ್ದು ಕಡ್ಡಿಯಲ್ಲ. ಹುಡುಕಿ ಉಳಿಸಿದವನ ದುಡಿಮೆ ಮತ್ತು ಅವನ ಹೆಸರಿನ ನಂಬಿಕೆ. ಕಾಯಬೇಕಾದದ್ದು ಇವೆರಡನ್ನೇ.

ಕಾನೂನು ಏನು ಹೇಳುತ್ತದೆ? ಯೋಚನೆಗೆ ಜಹಗೀರಿ ಇಲ್ಲ, ಗುತ್ತಿಗೆ ಮಾತ್ರ ಉಂಟು, ಅದಕ್ಕೂ ವಾಯಿದೆ ಇದೆ ಎನ್ನುತ್ತದೆ. ಮೊದಲು ಬರವಣಿಗೆಯನ್ನು ತೆಗೆದುಕೊಳ್ಳಿ. ಬರಿಯ ಯೋಚನೆಗೆ ಗ್ರಂಥಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಉಂಟು ಎಂದು ಸುಪ್ರೀಂ ಕೋರ್ಟು 1978ರಲ್ಲೇ ತೀರ್ಪು ಕೊಟ್ಟಿದೆ. ರಾಗಿಯ ಸಾಲು ಬಿತ್ತನೆಯ ಮೇಲೆ ಒಬ್ಬರು ಪುಸ್ತಕ ಬರೆದರು ಅನ್ನಿ. ಪುಸ್ತಕ ಅವರದು, ಸಾಲು ಬಿತ್ತನೆ ಎಲ್ಲರದು. ಓದಿಕೊಂಡು ನಿಮ್ಮ ಹೊಲದಲ್ಲಿ ಬಿತ್ತಿದರೆ ಯಾರೂ ಕೇಳುವ ಹಾಗಿಲ್ಲ. ಬೇಸಾಯದ ವಿಧಾನಕ್ಕೆ ಪೇಟೆಂಟು ಕೊಡಬಾರದೆಂದೂ ನಮ್ಮ ಪೇಟೆಂಟು ಕಾಯಿದೆಯಲ್ಲಿ ಬರೆದಿದೆ. ಹೊಸ ಕೂರಿಗೆಯನ್ನೋ ಯಂತ್ರವನ್ನೋ ಕಂಡುಹಿಡಿದವನಿಗೆ ಪೇಟೆಂಟು ಸಿಕ್ಕುತ್ತದೆ, ಅದು 20 ವರ್ಷಕ್ಕೆ. ಅದಕ್ಕೆ ಪ್ರತಿಯಾಗಿ ಅವನು ತನ್ನ ಗುಟ್ಟನ್ನು ಎಲ್ಲರೂ ಓದುವ ಹಾಗೆ ಬರೆದುಕೊಡಬೇಕು. ವಾಯಿದೆ ತೀರಿದ ಮಾರನೆಯ ದಿನ ಯಾವ ಕಮ್ಮಾರನಾದರೂ ಅದನ್ನು ಮಾಡಬಹುದು.

ಪುಸ್ತಕಕ್ಕೆ ವಾಯಿದೆ ಹೆಚ್ಚು. ಬರೆದವರು ಕಾಲವಾದ ಮೇಲೆ ಇನ್ನೂ 60 ವರ್ಷ. ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು. 2007ರಿಂದ ಅವರ ನಾಟಕಗಳನ್ನು ಯಾವ ಹಳ್ಳಿಯ ಹುಡುಗರಾದರೂ ಯಾರನ್ನೂ ಕೇಳದೆ ಆಡಬಹುದು. ಇದೇ ಹಳೆ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋದರೆ ಸಿಕ್ಕುವ ಮುಳಬಾಗಿಲಿನವರು ಡಿ.ವಿ. ಗುಂಡಪ್ಪನವರು. ಅವರು ತೀರಿಕೊಂಡದ್ದು 1975ರಲ್ಲಿ. ಅವರ ಬರಹಗಳ ಹಕ್ಕು 2035ರ ಕೊನೆಯವರೆಗೆ ನಡೆಯುತ್ತದೆ. ಬರೆದವರ ಮೊಮ್ಮಕ್ಕಳೂ ಮುದುಕರಾಗುವಷ್ಟು ಕಾಲ. ನನ್ನ ಎಣಿಕೆಯಲ್ಲಿ ಇದು ಉದ್ದವೇ ಆಯಿತು, ಇರಲಿ. ರಾಗಿ ಬೀಸುವಾಗ ಅಜ್ಜಿ ಹೇಳುತ್ತಿದ್ದ ಪದಕ್ಕೆ ಮಾತ್ರ ಯಾವ ಒಡೆಯನೂ ಇಲ್ಲ. ಯಾರೋ ಬಂದು ಅದನ್ನು ರೆಕಾರ್ಡು ಮಾಡಿಕೊಂಡರೆ ಆ ರೆಕಾರ್ಡು ಅವರದಾಗುತ್ತದೆಯೇ ಹೊರತು ಪದ ಅವರದಾಗುವುದಿಲ್ಲ. ನೀವು ಹಾಡುವುದನ್ನು ಅವರು ತಡೆಯಲಾರರು.

ಇನ್ನು ಬೀಜದ ಮಾತು. ಇದೇ ನಮಗೆ ಮುಖ್ಯ.

ರಾಗಿ ಲಕ್ಷ್ಮಣಯ್ಯನವರ ಹೆಸರು ಕೇಳಿರಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿಯ ಹೂವಿನ ಮೇಲೆ ಕೆಲಸ ಮಾಡಿದವರು. ರಾಗಿಯ ಹೂವು ತೀರ ಸಣ್ಣದು, ತನ್ನ ಪರಾಗವನ್ನು ತಾನೇ ಹಿಡಿದುಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ಬಹಳ ನಾಜೂಕಿನ ಕೆಲಸ. ಅವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಇಂಡಿಯ, ಆಫ್ರಿಕ ಎರಡು ಹೆಸರೂ ಸೇರಿ ಇಂಡಾಫ್. 1970ರ ದಶಕದಲ್ಲಿ ಅವು ನಮ್ಮ ಹೊಲಗಳಿಗೆ ಬಂದವು. ಯಾರೂ ಅವಕ್ಕೆ ಬೇಲಿ ಹಾಕಲಿಲ್ಲ. ಒಬ್ಬರ ಕಣದಿಂದ ಇನ್ನೊಬ್ಬರ ಹಗೇವಿಗೆ ಸೇರಿನ ಲೆಕ್ಕದಲ್ಲಿ ಬೀಜ ಹರಿಯಿತು. ಇಂಡಾಫ್ ತಳಿಗಳನ್ನೇ ತಂದೆತಾಯಿ ಮಾಡಿಕೊಂಡು ಬೆಂಗಳೂರಿನ ಜಿ.ಕೆ.ವಿ.ಕೆ.ಯವರು ಮುಂದೆ ಜಿ.ಪಿ.ಯು. 28 ರಾಗಿಯನ್ನು ತಯಾರಿಸಿದರು. ಬೆಂಕಿರೋಗ ತಡೆಯುವ ತಳಿಯೆಂದು ನಿಮ್ಮಲ್ಲಿ ಬಹುಮಂದಿ ಬಿತ್ತಿರುವುದು ಅದನ್ನೇ. ಮೊದಲ ತಳಿಗೆ ಬೀಗ ಬಿದ್ದಿದ್ದರೆ ಎರಡನೆಯದು ಅಷ್ಟು ಸಲೀಸಾಗಿ ಹುಟ್ಟುತ್ತಿರಲಿಲ್ಲ.

ಹಾಗಾದರೆ ಎಲ್ಲ ಬೀಜವೂ ಹೀಗೇ ಇರಬಾರದೆ? ಇರಬಹುದಿತ್ತು. ಆದರೆ ಲಕ್ಷ್ಮಣಯ್ಯನವರ ಸಂಬಳ ಕೊಟ್ಟವರು ನೀವು, ಅಂದರೆ ಸರ್ಕಾರ. ನೀವು ಮೊದಲೇ ಕೊಟ್ಟಾಗಿತ್ತು, ಅದಕ್ಕೆ ತಳಿ ಪುಕ್ಕಟೆ ಬಂತು. ಕಂಪನಿಯವನು ತನ್ನ ದುಡ್ಡು ಹಾಕಿ ಹತ್ತು ವರ್ಷ ದುಡಿದು ತಳಿ ಮಾಡಿದರೆ ಅವನು ಅದನ್ನು ಎಲ್ಲಿಂದ ತುಂಬಿಕೊಳ್ಳಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೆಕ್ಕೆಜೋಳ, ಟೊಮೇಟೊ, ಎಲೆಕೋಸುಗಳ ಹೈಬ್ರಿಡ್ ಬೀಜದಲ್ಲಿ ಅವನಿಗೆ ಕಾಯಿದೆಯ ಹಂಗೇ ಬೇಕಾಗಿಲ್ಲ. ಆ ಬೀಜದಿಂದ ಬಂದ ಫಸಲನ್ನು ತಿರುಗಿ ಬಿತ್ತಿದರೆ ಒಂದು ಗಿಡ ಒಂದು ಥರ ಬರುತ್ತದೆ. ಬೀಜದೊಳಗೇ ಬೀಗ ಇದೆ. ರಾಗಿ, ಭತ್ತ, ಅವರೆ, ತೊಗರಿ ಹಾಗಲ್ಲ. ಇವುಗಳ ಬೀಜ ವರ್ಷವೂ ಮನೆಯಲ್ಲೇ ಇಟ್ಟುಕೊಳ್ಳಬಹುದು. ಜಗಳ ಇರುವುದು ಇಂಥ ಬೆಳೆಗಳಲ್ಲಿ.

ಈ ಜಗಳ ಬೆಂಗಳೂರಿನ ಬೀದಿಯಲ್ಲೇ ಆಗಿದೆ. ಆ ಕಾಲದಲ್ಲಿ ಡಂಕೆಲ್ ಕರಡು ಎಂಬ ಒಂದು ವ್ಯಾಪಾರ ಒಪ್ಪಂದದ ಮಾತು ನಡೆಯುತ್ತಿತ್ತು. ಅದು ಜಾರಿಗೆ ಬಂದರೆ ಬೀಜವೆಲ್ಲ ಕಂಪನಿಗಳ ಪಾಲಾಗುತ್ತದೆಂದು ರೈತರಲ್ಲಿ ದಿಗಿಲು ಹುಟ್ಟಿತು. 1992ರ ಡಿಸೆಂಬರಿನಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರು ನಗರದಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟರು. ಮುಂದಾಳು ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು. ಕಾಗದ ಸುಡುವುದನ್ನು ನಾನು ಒಪ್ಪುವವನಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು. ತಳಿಗಳಿಗೆ ಏನಾದರೊಂದು ರಕ್ಷಣೆ ಕೊಡಲೇಬೇಕೆಂಬ ಷರತ್ತೂ ಬಂತು; ಪೇಟೆಂಟು ಕೊಡಿ, ಇಲ್ಲವೆ ನಿಮ್ಮದೇ ಕಾಯಿದೆ ಮಾಡಿಕೊಳ್ಳಿ ಎಂದು. ನಮ್ಮ ದೇಶ ಎರಡನೆಯ ದಾರಿ ಹಿಡಿಯಿತು. ಹೀಗೆ ಬಂದದ್ದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಹೆಸರು ಉದ್ದ, ನಮ್ಮ ಇಲಾಖೆಯವರೇ ಒಂದು ಉಸಿರಿಗೆ ಹೇಳಲಾರರು. ಒಳಗಿನ ಮಾತು ಮಾತ್ರ ಸುಲಭ.

ತಳಿ ಮಾಡಿದವನು ನೋಂದಣಿ ಮಾಡಿಸಿದರೆ ಹೊಲದ ಬೆಳೆಗಳಲ್ಲಿ 15 ವರ್ಷ, ಮರ ಬಳ್ಳಿಗಳಲ್ಲಿ 18 ವರ್ಷ ಅದನ್ನು ಬೆಳೆಸಿ ಮಾರುವ ಹಕ್ಕು ಅವನದು. ಆದರೆ 39ನೆಯ ಕಲಮಿನಲ್ಲಿ ರೈತನ ಹಕ್ಕನ್ನು ಬೇರೆಯಾಗಿಯೇ ಬರೆದಿದ್ದಾರೆ. ನೋಂದಣಿಯಾದ ತಳಿಯಾದರೂ ಸರಿ, ನೀವು ಬೆಳೆದ ಫಸಲಿನಿಂದ ಬೀಜ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವನಿಗೆ ಕಡ ಕೊಡಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಮಾಡಬಾರದ್ದು ಒಂದೇ: ಆ ತಳಿಯ ಹೆಸರಿನ ಚೀಟಿ ಅಂಟಿಸಿ ಪೊಟ್ಟಣ ಕಟ್ಟಿ ಮಾರಬಾರದು. ಮೂಟೆಯಲ್ಲಿ ಅಳೆದುಕೊಟ್ಟರೆ ನೀವು ರೈತ. ಮುದ್ರೆ ಒತ್ತಿ ಪೊಟ್ಟಣ ಕಟ್ಟಿದರೆ ವ್ಯಾಪಾರಿ. ಈ ಗೆರೆಯನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಬೇಕು.

ಈ ಗೆರೆ ಎಷ್ಟು ಕೆಲಸಕ್ಕೆ ಬಂತೆಂಬುದಕ್ಕೆ ಗುಜರಾತಿನ ಆಲೂಗಡ್ಡೆಯ ಮೊಕದ್ದಮೆ ನೋಡಿ. ಚಿಪ್ಸು ಮಾಡುವ ಪೆಪ್ಸಿಕೋ ಕಂಪನಿ ಒಂದು ಆಲೂಗಡ್ಡೆ ತಳಿಯನ್ನು ನೋಂದಾಯಿಸಿತ್ತು. ಅದನ್ನು ಅನುಮತಿಯಿಲ್ಲದೆ ಬೆಳೆದರೆಂದು 2019ರಲ್ಲಿ ಅಲ್ಲಿಯ ರೈತರ ಮೇಲೆ ದಾವೆ ಹೂಡಿತು. ನಾಲ್ವರಲ್ಲಿ ಒಬ್ಬೊಬ್ಬರಿಂದ ಒಂದು ಕೋಟಿಗೂ ಮೇಲ್ಪಟ್ಟು ಪರಿಹಾರ ಕೇಳಿತು. ಕೆಲವೇ ಎಕರೆಯ ಬೇಸಾಯಗಾರ ಏಳು ಜನ್ಮಕ್ಕೆ ತೀರಿಸುವ ಮೊತ್ತವೆ ಅದು? ರೈತ ಸಂಘಟನೆಗಳು 39ನೆಯ ಕಲಮನ್ನು ಎತ್ತಿ ಹಿಡಿದವು. ದೇಶದಲ್ಲೆಲ್ಲ ಗದ್ದಲವಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದಕ್ಕೆ ಪಡೆಯಿತು. 2021ರ ಡಿಸೆಂಬರಿನಲ್ಲಿ ತಳಿ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ದ್ವಿಸದಸ್ಯ ಪೀಠ ಆ ರದ್ದತಿಯನ್ನು ತೆಗೆದುಹಾಕಿ ಕಂಪನಿಯ ಪರ ತೀರ್ಪು ಕೊಟ್ಟಿತು. ಹಗ್ಗದ ಎರಡು ಕೊನೆಯನ್ನೂ ಜಗ್ಗುವವರು ಇದ್ದೇ ಇದ್ದಾರೆ. ಆದರೆ ಕಂಪನಿಯ ನೋಂದಣಿ ಇದ್ದಮಾತ್ರಕ್ಕೆ ಕಾಯಿದೆಯಲ್ಲಿ ಬರೆದಿರುವ ರೈತನ ಹಕ್ಕು ಅಳಿಸಿಹೋಗುವುದಿಲ್ಲ.

ಎಲ್ಲರಿಗೂ ಸೇರಿದ್ದನ್ನು ಒಬ್ಬನೇ ತನ್ನದೆಂದು ಬರೆಸಿಕೊಳ್ಳುವ ಅಪಾಯವೂ ಉಂಟು. ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮ ಯಾವ ಮನೆಯಲ್ಲಿ ಗೊತ್ತಿಲ್ಲ? ಅದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯವರು ಹಳೆಯ ಗ್ರಂಥಗಳನ್ನು ತೆಗೆದು ತೋರಿಸಿದ ಮೇಲೆ 1997ರಲ್ಲಿ ರದ್ದಾಯಿತು. ಗೆದ್ದದ್ದು ಬಾಯಿಮಾತಿನಿಂದಲ್ಲ, ಬರೆದಿಟ್ಟ ಕಾಗದದಿಂದ. ಅದಕ್ಕೇ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರು ನಿಮ್ಮ ಊರಿನ ತಳಿ, ಗಿಡಮೂಲಿಕೆಗಳ ವಿವರ ಕೇಳಿಕೊಂಡು ಬಂದಾಗ ಬೇಸರಪಡಬೇಡಿ. ಅಜ್ಜಿಯನ್ನೇ ಕರೆದು ಕೂರಿಸಿ ಹೇಳಿಸಿ.

ಮತ್ತೊಂದು ಬಗೆಯ ಸೊತ್ತು ಇದೆ. ಅದು ಒಬ್ಬರದೂ ಅಲ್ಲ, ಕಂಪನಿಯದೂ ಅಲ್ಲ, ಒಂದು ಸೀಮೆಯದು. ಬೆಂಗಳೂರು ರೋಸ್ ಈರುಳ್ಳಿ, ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿ ಚಕ್ಕೋತ ಈ ಮೂರಕ್ಕೂ ಜಿ.ಐ. ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಸೀಮೆಯ ಸರಕಿಗೆ ಈ ಹೆಸರು ಹಾಕಿ ಮಾರುವ ಹಾಗಿಲ್ಲ. ಈ ಹಕ್ಕನ್ನು ಮಾರಲಾಗದು, ಅಡವಿಡಲಾಗದು, ಸಾಹುಕಾರ ಬರೆಸಿಕೊಳ್ಳಲಾಗದು, ಕಾಯಿದೆಯೇ ಹಾಗಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಬಗೆ.

ರೋಸ್ ಈರುಳ್ಳಿಯನ್ನು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಜಿಲ್ಲೆಗಳವರು ಬೆಳೆಯುತ್ತಾರೆ. ನಮ್ಮ ಮನೆಗಳಲ್ಲಿ ಅದರ ಬಳಕೆ ಕಡಿಮೆ, ಬಹುಪಾಲು ಮಲೇಷಿಯ, ಸಿಂಗಪುರಗಳಂಥ ಹೊರದೇಶಕ್ಕೆ ಹೋಗುವ ಮಾಲು. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ನೂರಕ್ಕೆ 40ರ ಸುಂಕ ಹಾಕಿದಾಗ ನಮ್ಮ ಬೆಳೆಗಾರರ ಎದೆ ಒಡೆಯಿತು. ಇಲ್ಲಿ ಕೊಳ್ಳುವವರಿಲ್ಲ, ಅಲ್ಲಿಗೆ ಕಳಿಸುವಂತಿಲ್ಲ. ಆದರೆ ಈ ಈರುಳ್ಳಿಗೆ ಸ್ವಂತ ಹೆಸರು, ಗುರುತು ಇತ್ತು. ಮರು ತಿಂಗಳೇ ಬೆಂಗಳೂರು ರೋಸ್ ಈರುಳ್ಳಿಗೆ ಮಾತ್ರ ಸುಂಕದಿಂದ ವಿನಾಯಿತಿ ಬಂತು. ಇದು ಅದೇ ಈರುಳ್ಳಿ, ಇಷ್ಟು ತೂಕ, ಎಂದು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇರಬೇಕೆಂಬ ಷರತ್ತಿನ ಮೇಲೆ. ಹೆಸರೊಂದು ಬರೀ ಹೆಸರಲ್ಲ ಎನ್ನುವುದು ಆ ದಿನ ಗಡ್ಡೆ ಕಿತ್ತು ರಾಶಿ ಹಾಕಿ ಕೂತಿದ್ದವರಿಗೆ ಅರ್ಥವಾಗಿರಬೇಕು.

ಈಗ ನಿಮ್ಮ ಹೊಲದ ಕಡೆ ತಿರುಗಿ. ಬದುವಿನಲ್ಲಿ ನೂರರಲ್ಲಿ ಒಂದು ಎನ್ನುವಂಥ ಹಲಸೋ ಹುಣಿಸೆಯೋ ಇದ್ದರೆ, ಬೇರೆ ಯಾರಲ್ಲೂ ಇಲ್ಲದ ಅವರೆಯ ಬೀಜ ಮನೆಯಲ್ಲಿದ್ದರೆ, ಮೊದಲು ಅದರ ಕಥೆಯನ್ನು ಬರೆದಿಡಿ. ಯಾರು ನೆಟ್ಟದ್ದು, ಎಷ್ಟು ವರ್ಷವಾಯಿತು, ಯಾವ ತಿಂಗಳು ಫಲ, ತೂಕವೆಷ್ಟು, ಬಣ್ಣವೇನು. ಫಲವಿದ್ದಾಗ ಮೊಬೈಲಿನಲ್ಲಿ ಒಂದು ಫೋಟೊ ಹಿಡಿದಿಡಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೋ, ಕೃಷಿ ವಿಜ್ಞಾನ ಕೇಂದ್ರಕ್ಕೋ, ಹೆಸರಘಟ್ಟಕ್ಕೋ ಸುದ್ದಿ ಮುಟ್ಟಿಸಿ. ರೈತರ ತಳಿಯೆಂದು ನೋಂದಾಯಿಸಲು ರೈತರಿಗೆ ಶುಲ್ಕವಿಲ್ಲ. ದಲ್ಲಾಳಿಗೆ ದುಡ್ಡು ಕೊಟ್ಟು ಕೆಡಬೇಡಿ. ಅರ್ಜಿಗೆ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರ ಅಥವಾ ಕೃಷಿ ಅಧಿಕಾರಿಗಳ ಒಪ್ಪಿಗೆಯ ರುಜು ಬೇಕಾಗುತ್ತದೆ. ಅದು ನಮ್ಮ ಕೆಲಸವೇ, ಸಂಕೋಚವಿಲ್ಲದೆ ಬನ್ನಿ. ಅಲ್ಲಿಯವರೆಗೆ ನೆಂಟರಿಗೆ ಒಂದು ಕಡ್ಡಿ ಕೊಡಲು ಹಿಂದೆಗೆಯಬೇಕಾಗಿಲ್ಲ. ಸಾವಿರ ಕಡ್ಡಿ ಬೇಕೆಂದು ವ್ಯಾನು ತಂದು ನಿಲ್ಲಿಸುವವರು ಬಂದರೆ ಮಾತ್ರ ಹೆಸರು, ಊರು ಕೇಳಿ, ಪಾಲು ಗೊತ್ತುಮಾಡಿಕೊಂಡು, ಕಾಗದದ ಮೇಲೆ ಬರೆಸಿಕೊಂಡು ಕೊಡಿ.

ಪೊಟ್ಟಣದ ಬೀಜ ಕೊಳ್ಳುವ ಅಕ್ಕಂದಿರು ಇನ್ನೊಂದು ಮಾಡಬೇಕು. ಬಿತ್ತಿದ ಕೂಡಲೆ ಪೊಟ್ಟಣವನ್ನು ಒಲೆಗೆ ಹಾಕಬೇಡಿ. ರಸೀತಿಯನ್ನೂ ಚೀಟಿಯನ್ನೂ ಒಂದು ಹಿಡಿ ಬೀಜವನ್ನೂ ಫಸಲು ಮನೆಗೆ ಬರುವ ತನಕ ಡಬ್ಬಿಯಲ್ಲಿಡಿ. ನೋಂದಣಿಯಾದ ತಳಿ ಇಂಥ ಹೊಲದಲ್ಲಿ ಇಷ್ಟು ಇಳುವರಿ ಕೊಡುತ್ತದೆಂದು ಹೇಳಿ ಮಾರಿ, ಅದು ಸುಳ್ಳಾದರೆ ತಳಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳಲು ಅದೇ 39ನೆಯ ಕಲಮು ದಾರಿ ಕೊಟ್ಟಿದೆ. ಆಗ ಕೈಯಲ್ಲಿ ಚೀಟಿ ಇರಬೇಕು.